ನೀರು ಪರೀಕ್ಷೆಯ ಲ್ಯಾಬಿಗೆ ಲಿಮ್ಸ್ ಕೂರಿಸುವಾಗ

ಬಾವಿ ನೀರು ಪರೀಕ್ಷೆ ಮಾಡುವ ಸಣ್ಣ ಲ್ಯಾಬುಗಳಲ್ಲಿ ದಾಖಲೆ ಸಾಮಾನ್ಯವಾಗಿ ನಾಲ್ಕು ಕಡೆ ಹಂಚಿಹೋಗಿರುತ್ತದೆ. ಸ್ಯಾಂಪಲ್ ಬಂದದ್ದು ಕೌಂಟರಿನ ರಿಜಿಸ್ಟರಿನಲ್ಲಿ, ಬ್ಯೂರೆಟ್ (ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಗಾಜಿನ ಕೊಳವೆ) ರೀಡಿಂಗ್ ಬೆಂಚಿನ ನೋಟ್‌ಬುಕ್ಕಿನಲ್ಲಿ, ಲೆಕ್ಕ ಎಕ್ಸೆಲ್ಲಿನಲ್ಲಿ, ವರದಿ ವರ್ಡ್ ಫೈಲಿನಲ್ಲಿ. ಇದನ್ನೆಲ್ಲ ಒಂದು ಮಾಡಲಿಕ್ಕೆಂದು ಲ್ಯಾಬ್ ಮಾಹಿತಿ ನಿರ್ವಹಣೆಯ ಸಾಫ್ಟ್‌ವೇರ್, ಅಂದರೆ ಲಿಮ್ಸ್, ತರಿಸುತ್ತಾರೆ. ಆರು ತಿಂಗಳು ಕಳೆದು ನೋಡಿದರೆ ನಾಲ್ಕಿದ್ದದ್ದು ಐದಾಗಿರುತ್ತದೆ. ಹಳೆಯ ನಾಲ್ಕೂ ಹಾಗೇ ಉಳಿದು, ಲಿಮ್ಸ್ ಬರೇ ವರದಿ ಪ್ರಿಂಟ್ ಹೊಡೆಯುವ ಜಾಗವಾಗಿರುತ್ತದೆ.

ಮೂರು ವರ್ಷ ಕಳೆದು ಪೆರ್ಲದ ಕಡೆಯ ಒಬ್ಬರು ಹಳೆ ವರದಿ ಹಿಡಿದುಕೊಂಡು ಬಂದು, "ಆಗ ಕ್ಲೋರೈಡ್ 19 ಇತ್ತು, ಈಗ 60 ಬಂದಿದೆ, ಆಗಿನದ್ದು ಸರಿ ಇತ್ತಾ?" ಎಂದು ಕೇಳಿದರೆ ಅಂಥ ಲಿಮ್ಸ್ 19 ಎಂದಷ್ಟೇ ತೋರಿಸುತ್ತದೆ. ಎಷ್ಟು ಮಿಲೀ ನೀರು ತೆಗೆದುಕೊಂಡದ್ದು, ಬ್ಲಾಂಕ್ (ಸ್ಯಾಂಪಲಿನ ಬದಲು ಶುದ್ಧ ನೀರಿಟ್ಟು ಮಾಡಿದ ಅದೇ ಪರೀಕ್ಷೆ) ಎಷ್ಟು ಬಂದದ್ದು, ಯಾವ ಬ್ಯಾಚಿನ ಸಿಲ್ವರ್ ನೈಟ್ರೇಟ್, ಟೈಟ್ರೇಶನ್ (ಬಣ್ಣ ತಿರುಗುವ ತನಕ ದ್ರಾವಣ ಬಿಟ್ಟು ಅಳೆಯುವುದು) ಮಾಡಿದವರು ಯಾರು ಎಂಬುದು ಯಾವುದೋ ನೋಟ್‌ಬುಕ್ಕಿನಲ್ಲಿ ಉಂಟು, ಆ ನೋಟ್‌ಬುಕ್ ಅಟ್ಟದ ಮೇಲೆ ಉಂಟು. ಆದ್ದರಿಂದ ಈ ಬರಹದ ಹಟ ಒಂದೇ: ಲಿಮ್ಸಿಗೆ ಟೈಪ್ ಮಾಡಬೇಕಾದದ್ದು ಬ್ಯೂರೆಟ್ಟಿನ ರೀಡಿಂಗ್. ಫಲಿತಾಂಶವನ್ನು ಅದೇ ಲೆಕ್ಕ ಹಾಕಿಕೊಳ್ಳಲಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮಣ್ಣು, ಆಹಾರ ಪರೀಕ್ಷಿಸುವವರಿಗೂ ಹೆಚ್ಚಿನದ್ದು ಹೊಂದುತ್ತದೆ.

ಸಾಫ್ಟ್‌ವೇರ್ ತೆರೆಯುವ ಮೊದಲು

ಕಳೆದ ವರ್ಷ ಕೊಟ್ಟ ಒಂದು ವರದಿಯನ್ನು ಮೇಜಿನ ಮೇಲಿಟ್ಟು ಹಿಂದಕ್ಕೆ ಹೋಗಿ. ವರದಿಯಲ್ಲಿರುವ ಪ್ರತಿಯೊಂದು ಅಂಕಿ ಎಲ್ಲಿಂದ ಬಂತು, ಅದಕ್ಕೆ ಯಾವ ರೀಡಿಂಗ್ ಬೇಕಾಯಿತು, ಯಾವ ಉಪಕರಣ, ಯಾವ ದ್ರಾವಣ, ಯಾರ ಸಹಿ ಎಂದು ಒಂದು ದೊಡ್ಡ ಹಾಳೆಯಲ್ಲಿ ಬರೆಯಿರಿ. ಐಎಸ್‌ಒ/ಐಇಸಿ 17025:2017 ಎಂಬ, ಪರೀಕ್ಷಾ ಲ್ಯಾಬುಗಳ ಅಂತರರಾಷ್ಟ್ರೀಯ ಮಾನದಂಡದ 7.5ನೇ ಖಂಡ ತಾಂತ್ರಿಕ ದಾಖಲೆಯ ಬಗ್ಗೆ ಕೇಳುವುದೂ ಇದನ್ನೇ: ಅದೇ ಸ್ಥಿತಿಯಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬಹುದಾದಷ್ಟು ವಿವರ ಇರಬೇಕು, ನೋಡಿದ್ದನ್ನು ನೋಡಿದ ಹೊತ್ತಿಗೇ ಬರೆದಿರಬೇಕು, ತಿದ್ದಿದರೆ ಹಳೆಯದೂ ಹೊಸದೂ ಎರಡೂ ಉಳಿಯಬೇಕು, ತಿದ್ದಿದವರು ಯಾರು, ಯಾವತ್ತು ಎಂಬುದು ಗೊತ್ತಾಗಬೇಕು. ಮಾನ್ಯತೆಗೆ ಅರ್ಜಿ ಹಾಕುವ ಯೋಚನೆ ಇಲ್ಲದವರಿಗೂ ಈ ಹಾಳೆ ಬೇಕು. ಲಿಮ್ಸಿನ ಫೀಲ್ಡುಗಳು ಹುಟ್ಟುವುದೇ ಅದರಿಂದ.

ಉದಾಹರಣೆಗಳಿಗೆ ಸೆನೈಟ್ ಎಂಬ ಸಾಫ್ಟ್‌ವೇರನ್ನು ಇಟ್ಟುಕೊಳ್ಳುತ್ತೇನೆ. ಹಿಂದಿನ ಬಿಕಾ ಲಿಮ್ಸಿನಿಂದ ಕವಲೊಡೆದು ಬಂದದ್ದು, ಪ್ಲೋನ್ ಎಂಬ ವೆಬ್ ತಂತ್ರಾಂಶದ ಮೇಲೆ ಓಡುತ್ತದೆ, ಉಚಿತ ಮತ್ತು ಮುಕ್ತ. ಉಬುಂಟು ಹಾಕಿದ ಒಂದು ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಮೂರು ನಾಲ್ಕು ಜನರ ಲ್ಯಾಬಿಗೆ ಸಾಕು. ಉಳಿದ ಕಂಪ್ಯೂಟರುಗಳಲ್ಲಿ ಬ್ರೌಸರ್ ಇದ್ದರಾಯಿತು. ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ತಗೊಂಡರೂ ಕೆಳಗಿನ ಕೆಲಸ ತಪ್ಪುವುದಿಲ್ಲ. ಕಂಪನಿಯವರು "ಮಾಸ್ಟರ್ ಡೇಟಾ ನೀವು ಕೊಡಿ" ಎಂದೇ ಹೇಳುವುದು.

ಮಾಸ್ಟರುಗಳು

ಮಾಸ್ಟರ್ ಎಂದರೆ ಒಮ್ಮೆ ಮಾಡಿಟ್ಟು ದಿನಾ ಬಳಸುವ ಮೂಲ ಪಟ್ಟಿಗಳು. ಇಲ್ಲಿ ಕ್ರಮ ತಪ್ಪಿದರೆ ಎರಡೆರಡು ಸಲ ಕೆಲಸ. ಮೊದಲು ವಿಭಾಗಗಳು, ಸ್ಯಾಂಪಲ್ ಬಗೆಗಳು, ಉಪಕರಣಗಳು, ವಿಧಾನಗಳು. ಆಮೇಲೆ ಪರೀಕ್ಷೆಗಳನ್ನು ಲೆಕ್ಕದ ಸೂತ್ರವಿಲ್ಲದೆ ಬರೇ ಹೆಸರು, ಕೀವರ್ಡ್ (ಸೂತ್ರದಲ್ಲಿ ಆ ಪರೀಕ್ಷೆಯನ್ನು ಕರೆಯುವ ಚಿಕ್ಕ ಹೆಸರು), ಯೂನಿಟ್ ಕೊಟ್ಟು ಮಾಡಿಕೊಳ್ಳಿ. ಅದಾದ ಮೇಲೆ ಸೂತ್ರ ಬರೆಯಿರಿ, ಕೊನೆಗೆ ಸೂತ್ರವನ್ನು ಪರೀಕ್ಷೆಗೆ ಜೋಡಿಸಿ. ಒಂದು ಪರೀಕ್ಷೆಯ ಸೂತ್ರ ಇನ್ನೊಂದರ ಫಲಿತಾಂಶವನ್ನು ಬಳಸುವುದಾದರೆ ಆ ಇನ್ನೊಂದರ ಕೀವರ್ಡ್ ಮೊದಲೇ ಇರಬೇಕು, ಇಲ್ಲದಿದ್ದರೆ ಸೂತ್ರ ಸೇವ್ ಆಗುವುದಿಲ್ಲ. ಮೆಗ್ನೀಸಿಯಂ ಇದಕ್ಕೆ ಸರಿಯಾದ ಉದಾಹರಣೆ: ಒಟ್ಟು ಗಡಸುತನದಿಂದ ಕ್ಯಾಲ್ಸಿಯಂ ಗಡಸುತನ ಕಳೆದು 0.243ರಿಂದ ಗುಣಿಸಬೇಕು, ಹಾಗಾಗಿ ಆ ಎರಡೂ ಮೊದಲೇ ಇರಬೇಕು. ಕೀವರ್ಡ್ ಚಿಕ್ಕದಾಗಿರಲಿ. ಬಳಕೆಗೆ ಬಂದ ಮೇಲೆ ಅದನ್ನು ಬದಲಿಸಲು ಹೋಗಬೇಡಿ.

ಸ್ಯಾಂಪಲ್ ಬಗೆಯ ಪಟ್ಟಿಯನ್ನು ಸಾಫ್ಟ್‌ವೇರಿನ ಜೊತೆ ಬಂದ ಮಾದರಿಯಿಂದ ತೆಗೆದುಕೊಂಡರೆ ನಮ್ಮೂರಿಗೆ ಆಗುವುದಿಲ್ಲ. ಅದರಲ್ಲಿ ಬಾವಿ, ಕೊಳವೆಬಾವಿ, ನಳ್ಳಿ ನೀರು ಇರಬಹುದು, ಸುರಂಗ ಇರುವುದಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನು ಕುಡಿಯುವ ಮನೆಗಳು ಬಾಯಾರು, ಎಣ್ಮಕಜೆ ಕಡೆ ಬೇಕಾದಷ್ಟು ಉಂಟು. ಅದನ್ನು ಬಾವಿ ಎಂದು ಹಾಕಿದರೆ ಮುಂದೆ ಬಾವಿ ನೀರಿನ ಅಂಕಿಗಳನ್ನು ಒಟ್ಟು ನೋಡುವಾಗ ಎರಡೂ ಬೆರೆತುಹೋಗುತ್ತವೆ. ಸುರಂಗಕ್ಕೆ ಪ್ರತ್ಯೇಕ ಬಗೆ ಮಾಡಿ. ಅದರಲ್ಲೂ ಸ್ಯಾಂಪಲ್ ತೆಗೆದದ್ದು ಸುರಂಗದ ಬಾಯಿಯಲ್ಲೋ, ನೀರು ಬಂದು ಬೀಳುವ ಟಾಂಕಿಯಲ್ಲೋ ಎಂದು ಕೇಳುವ ಒಂದು ಫೀಲ್ಡ್ ಇರಲಿ. ಕೋಲಿಫಾರ್ಮ್ (ನೀರಿಗೆ ಮಲದ ಕೊಳೆ ಸೇರಿರಬಹುದೆಂದು ತೋರಿಸುವ ಬ್ಯಾಕ್ಟೀರಿಯಾ) ಬಂದರೆ ಮೊದಲ ಪ್ರಶ್ನೆ ಅದೇ. ಮದಕ, ಪಳ್ಳ, ಕೆರೆ ಮೂರನ್ನೂ ಮೇಲ್ಮೈ ನೀರು ಎಂದು ಒಟ್ಟು ಮಾಡಿದರೆ ತೊಂದರೆ ಇಲ್ಲ.

ಸ್ಯಾಂಪಲ್ ಜಾಗವನ್ನು ಗಿರಾಕಿಯ ವಿಳಾಸದೊಳಗೆ ಅಡಗಿಸುವುದು ಎಲ್ಲ ಕಡೆ ಕಾಣುವ ತಪ್ಪು. ಒಬ್ಬರಿಗೆ ಮನೆಯ ಬಾವಿ ಒಂದು, ತೋಟದ ಬಾವಿ ಒಂದು, ಕೊಳವೆಬಾವಿ ಒಂದು ಇರುತ್ತದೆ. ವರದಿಯಲ್ಲಿ ಹೆಸರು, ಊರು ಮಾತ್ರ ಇದ್ದರೆ ಮುಂದಿನ ವರ್ಷ ಯಾವುದಕ್ಕೆ ಯಾವುದನ್ನು ಹೋಲಿಸುವುದು? ಪ್ರತಿಯೊಂದು ನೀರಿನ ಮೂಲಕ್ಕೂ ಒಂದು ಪ್ರತ್ಯೇಕ ದಾಖಲೆ, ಅದಕ್ಕೊಂದು ಸಂಖ್ಯೆ, ಸಾಧ್ಯವಾದರೆ ಮೊಬೈಲಿನಿಂದ ತೆಗೆದ ಅಕ್ಷಾಂಶ ರೇಖಾಂಶ. ಅಕ್ಷಾಂಶ 12ರಿಂದ, ರೇಖಾಂಶ 74 ಅಥವಾ 75ರಿಂದ ಶುರುವಾಗದಿದ್ದರೆ ತೆಗೆದುಕೊಳ್ಳಬಾರದು ಎಂಬ ಒಂದು ಸಣ್ಣ ತಡೆ ಹಾಕಿದರೆ, ಎರಡನ್ನು ಅದಲು ಬದಲು ಟೈಪ್ ಮಾಡುವುದು ಅಲ್ಲೇ ನಿಲ್ಲುತ್ತದೆ.

ಊರಿನ ಹೆಸರುಗಳದ್ದು ಬೇರೆಯೇ ಪುರಾಣ. ಕನ್ನಡದಲ್ಲಿ ಕುಂಬಳೆ, ಮಲಯಾಳದಲ್ಲಿ ಕುಂಬಳ, ಇಂಗ್ಲಿಷ್ ಕಾಗದದಲ್ಲಿ ಎರಡು ಮೂರು ಸ್ಪೆಲ್ಲಿಂಗ್. ಹೊಸದುರ್ಗ ಮತ್ತು ಕಾಞಂಗಾಡ್ ಒಂದೇ ಊರೆಂದು ಕಂಪ್ಯೂಟರಿಗೆ ಗೊತ್ತಿಲ್ಲ. ಊರನ್ನು ಟೈಪ್ ಮಾಡಲು ಬಿಡಲೇಬೇಡಿ; ಪಂಚಾಯತು ಮತ್ತು ಊರಿನ ಪಟ್ಟಿ ಮಾಡಿ, ಆರಿಸುವಂತೆ ಇಡಿ. ಪಟ್ಟಿಯ ಪ್ರತಿ ಸಾಲಿಗೆ ಒಂದು ಸಂಕೇತ ಸಂಖ್ಯೆ, ಅದರ ಎದುರು ಕನ್ನಡ, ಮಲಯಾಳ, ಇಂಗ್ಲಿಷ್ ಮೂರು ರೂಪ. ವಾರ್ಡ್ ನಂಬರನ್ನು ಗುರುತಾಗಿ ಬಳಸಬೇಡಿ. 2025ರ ಸ್ಥಳೀಯ ಚುನಾವಣೆಗೆ ಮೊದಲು ಕೇರಳದಲ್ಲಿ ವಾರ್ಡುಗಳ ಪುನರ್ವಿಂಗಡಣೆ ಆಗಿ ನಂಬರುಗಳು ಬದಲಾದವು. ವಾರ್ಡಿನ ಮೇಲೆ ನಿಂತ ದಾಖಲೆ ಎಲ್ಲ ಅಲ್ಲಿಗೇ ಗೊಂದಲ.

ಗಿರಾಕಿಗಳ ಹೆಸರನ್ನು ಕನ್ನಡ, ಮಲಯಾಳ ಲಿಪಿಯಲ್ಲಿ ಹುಡುಕುವಾಗ ಇನ್ನೊಂದು ತೊಡಕು. ಕನ್ನಡದ ಒ, ಓ ಸ್ವರಚಿಹ್ನೆಗಳು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಕೂರಬಹುದು, ತುಂಡುತುಂಡಾಗಿಯೂ ಕೂರಬಹುದು. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಎನ್‌ಎಫ್‌ಸಿ ಎಂಬ, ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪಕ್ಕೆ ಪರಿವರ್ತಿಸಿ ಉಳಿಸುವಂತೆ ಮಾಡಿದರೆ ಇದು ಸರಿಹೋಗುತ್ತದೆ. ಮಲಯಾಳದ ಚಿಲ್ಲು ಅಕ್ಷರಗಳು (ಸ್ವರವಿಲ್ಲದ ವ್ಯಂಜನದ ರೂಪಗಳು) ಅದಕ್ಕೂ ಬಗ್ಗುವುದಿಲ್ಲ. 2008ರ ಯೂನಿಕೋಡ್ 5.1ರಲ್ಲಿ ಅವಕ್ಕೆ ಸ್ವಂತ ಸಂಕೇತ ಬಂತು, ಅದಕ್ಕಿಂತ ಹಳೆಯ ಬರವಣಿಗೆ ಬೇರೆ ರೀತಿಯದ್ದು, ಎನ್‌ಎಫ್‌ಸಿ ಅವೆರಡನ್ನು ಒಂದು ಮಾಡುವುದಿಲ್ಲ. ಬೇರೆಯೇ ಬದಲಿಪಟ್ಟಿ ಬರೆಯಬೇಕು. ಇದೆಲ್ಲ ತಲೆನೋವು ಬೇಡ ಎಂದಾದರೆ ಗಿರಾಕಿಯನ್ನು ಮೊಬೈಲ್ ನಂಬರ್ ಮತ್ತು ಮನೆ ಹೆಸರಿನಿಂದ ಹುಡುಕುವುದೇ ಲೇಸು. ಹೇಗೂ ಒಂದೇ ಪಂಚಾಯತಿನಲ್ಲಿ ನಾರಾಯಣ ಭಟ್ಟರೂ ಅಬ್ದುಲ್ ರಹಿಮಾನರೂ ಎಷ್ಟು ಮಂದಿ ಇದ್ದಾರೆಂದು ಎಲ್ಲರಿಗೂ ಗೊತ್ತು.

ಸ್ಯಾಂಪಲ್ ನಂಬರಿನೊಳಗೆ ಊರು, ಗಿರಾಕಿ, ಪರೀಕ್ಷೆ ಎಲ್ಲವನ್ನೂ ತುರುಕಬೇಡಿ. ವರ್ಷ ಮತ್ತು ನಾಲ್ಕಂಕಿಯ ಕ್ರಮಸಂಖ್ಯೆ, ಉದಾಹರಣೆಗೆ 26-0417, ಧಾರಾಳ. ಊರು ತಪ್ಪಾಗಿ ಹಾಕಿದ್ದು ಆಮೇಲೆ ಗೊತ್ತಾದರೆ ಊರನ್ನು ತಿದ್ದಬಹುದು; ಬಾಟಲಿಗೆ ಅಂಟಿಸಿದ ನಂಬರನ್ನು ತಿದ್ದಲಾಗದು.

ಲೆಕ್ಕದ ಸೂತ್ರ

ಮಾಸ್ಟರುಗಳಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಸೆನೈಟಿನಲ್ಲಿ ಪ್ರತಿ ಸೂತ್ರಕ್ಕೂ ಮಧ್ಯಂತರ ಫೀಲ್ಡುಗಳನ್ನು ಸೇರಿಸಬಹುದು. ರೀಡಿಂಗ್ ಹೋಗಿ ಕೂರಬೇಕಾದದ್ದು ಅಲ್ಲಿ. ಕ್ಲೋರೈಡಿಗೆ ಐದು ಫೀಲ್ಡ್ ಬೇಕು: ಸ್ಯಾಂಪಲ್ ಮಿಲೀ, ಸ್ಯಾಂಪಲಿಗೆ ಹೋದ ಸಿಲ್ವರ್ ನೈಟ್ರೇಟ್ ಮಿಲೀ, ಬ್ಲಾಂಕಿಗೆ ಹೋದ ಮಿಲೀ, ದ್ರಾವಣದ ನಾರ್ಮಾಲಿಟಿ (ಅದರ ಸಾಂದ್ರತೆಯ ಅಳತೆ), ದ್ರಾವಣದ ಬ್ಯಾಚ್ ಸಂಖ್ಯೆ. ಸೂತ್ರ ಗೊತ್ತಿರುವುದೇ: ಸ್ಯಾಂಪಲ್ ರೀಡಿಂಗಿನಿಂದ ಬ್ಲಾಂಕ್ ಕಳೆದು, ನಾರ್ಮಾಲಿಟಿಯಿಂದಲೂ 35450ರಿಂದಲೂ ಗುಣಿಸಿ, ಸ್ಯಾಂಪಲ್ ಮಿಲೀಯಿಂದ ಭಾಗಿಸುವುದು.

50 ಮಿಲೀ ನೀರಿಗೆ 2.1 ಮಿಲೀ, ಬ್ಲಾಂಕಿಗೆ 0.2 ಮಿಲೀ ಹೋಯಿತೆಂದು ಇಟ್ಟುಕೊಳ್ಳಿ. ನಾರ್ಮಾಲಿಟಿ 0.0141 ಆದರೆ ಕ್ಲೋರೈಡ್ 19.0 ಮಿಗ್ರಾಂ/ಲೀ. ಸೋಡಿಯಂ ಕ್ಲೋರೈಡಿನ ಎದುರು ಪರಿಶೀಲಿಸಿದಾಗ ದ್ರಾವಣ ನಿಜಕ್ಕೂ 0.0136 ಇದ್ದರೆ ಉತ್ತರ 18.3. ಹಳೆಯ ಎಕ್ಸೆಲ್ ಹಾಳೆಗಳಲ್ಲಿ 0.0141 ಸೂತ್ರದೊಳಗೇ ಗಟ್ಟಿಯಾಗಿ ಕೂತಿರುತ್ತದೆ. ಹೊಸ ದ್ರಾವಣ ಮಾಡಿದವರು ಬಾಟಲಿಯ ಮೇಲೆ ಸರಿಯಾದ ನಾರ್ಮಾಲಿಟಿ ಬರೆದಿದ್ದರೂ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ಈ ಹಾಳೆಯ ಸೂತ್ರವನ್ನು ಹಾಗೇ ಲಿಮ್ಸಿಗೆ ನಕಲು ಮಾಡಿದರೆ ತಪ್ಪಿಗೆ ಒಂದು ಅಧಿಕೃತ ಮುಖ ಸಿಕ್ಕಿದ ಹಾಗೆ.

ನಾರ್ಮಾಲಿಟಿ ಮತ್ತು ಬ್ಯಾಚ್ ಸಂಖ್ಯೆಯನ್ನು ಪ್ರತಿ ಸ್ಯಾಂಪಲಿಗೂ ಟೈಪ್ ಮಾಡಬೇಕಾಗಿಲ್ಲ. ಆ ಫೀಲ್ಡಿಗೆ, ಒಟ್ಟಿಗೆ ಪರೀಕ್ಷಿಸುವ ಸ್ಯಾಂಪಲುಗಳ ಇಡೀ ವರ್ಕ್‌ಶೀಟಿಗೆ ಅನ್ವಯಿಸುವ ಆಯ್ಕೆ ಕೊಟ್ಟರೆ ದಿನಕ್ಕೊಮ್ಮೆ ಮೇಲೆ ಬರೆದರೆ ಸಾಕು, ಕೆಳಗಿನ ಎಲ್ಲದಕ್ಕೂ ಹೋಗುತ್ತದೆ. ಬ್ಯಾಚ್ ಸಂಖ್ಯೆ ಲೆಕ್ಕಕ್ಕೆ ಬೇಡ, ಆದರೂ ಇರಲಿ. ಒಂದು ದ್ರಾವಣ ಹಾಳಾಗಿತ್ತೆಂದು ತಡವಾಗಿ ಗೊತ್ತಾದರೆ ಅದನ್ನು ಬಳಸಿದ ಸ್ಯಾಂಪಲುಗಳ ಪಟ್ಟಿ ತೆಗೆಯಲು ಬೇರೆ ದಾರಿ ಇಲ್ಲ.

ಗಡಸುತನದಲ್ಲಿ ನಮ್ಮ ಕಡೆಯ ನೀರಿಗೇ ಸೇರಿದ ಒಂದು ಸಂಗತಿ ಉಂಟು. ಮುರಕಲ್ಲಿನ ಬಾವಿಗಳ ನೀರು ಮೆದು. ಗಡಸುತನ ಅಳೆಯುವ ದ್ರಾವಣವಾದ 0.01 ಮೋಲಾರ್ ಎಡ್ಟಾ 1 ಮಿಲೀ ಎಂದರೆ 1 ಮಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್. 50 ಮಿಲೀ ನೀರಿಗೆ 0.8 ಮಿಲೀ ಎಡ್ಟಾದಲ್ಲೇ ಕೆಂಪು ಹೋಗಿ ನೀಲಿ ಬಂದರೆ ಗಡಸುತನ 16. ಬ್ಯೂರೆಟ್ಟಿನ ಒಂದು ಹನಿ ಸುಮಾರು 0.05 ಮಿಲೀ, ಒಂದೇ ಹನಿ ಹೆಚ್ಚು ಬಿದ್ದರೆ ಉತ್ತರ 17, ಅಂದರೆ ಶೇಕಡಾ 6ರಷ್ಟು ವ್ಯತ್ಯಾಸ. ಆದ್ದರಿಂದ ಸ್ಯಾಂಪಲ್ ಮಿಲೀ ಎಂಬುದನ್ನು ಸೂತ್ರದಲ್ಲಿ 50 ಎಂದು ಕಟ್ಟಿಹಾಕದೆ ಫೀಲ್ಡಾಗಿ ಬಿಡಿ. 1 ಮಿಲೀಗಿಂತ ಕಡಿಮೆ ಎಡ್ಟಾ ಹೋದರೆ 100 ಮಿಲೀ ತೆಗೆದುಕೊಂಡು ಮತ್ತೆ ಮಾಡಿ ಎಂಬ ಸೂಚನೆಯನ್ನು ವಿಧಾನದ ದಾಖಲೆಯಲ್ಲೇ ಬರೆದಿಡಿ. ಹೆಚ್ಚು ನೀರು ತಗೊಂಡಾಗ ಬಫರನ್ನೂ ಅದಕ್ಕೆ ತಕ್ಕ ಹಾಗೆ ಹೆಚ್ಚಿಸಬೇಕು, ಪಿಎಚ್ 10ಕ್ಕೆ ನಿಲ್ಲದಿದ್ದರೆ ಬಣ್ಣ ತಿರುಗುವುದು ಮಂಕಾಗುತ್ತದೆ.

ಯೂನಿಟ್ಟಿನಲ್ಲಿ ಅತಿ ಹೆಚ್ಚು ಎಡವುವುದು ನೈಟ್ರೇಟಿನಲ್ಲಿ. ಉಪಕರಣವನ್ನು ನೈಟ್ರೇಟ್-ನೈಟ್ರೊಜನ್ (ನೈಟ್ರೇಟಿನೊಳಗಿನ ನೈಟ್ರೊಜನ್ ಮಾತ್ರ) ಸ್ಟಾಂಡರ್ಡಿಗೆ ಹೊಂದಿಸಿದ್ದರೆ ಅದು ತೋರಿಸುವ 10, ನೈಟ್ರೇಟ್ ಲೆಕ್ಕದಲ್ಲಿ 44.3. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಮಿತಿ 45 ಇರುವುದು ನೈಟ್ರೇಟ್ ಲೆಕ್ಕದಲ್ಲಿ. 4.43ರ ಗುಣಾಕಾರ ಬಿಟ್ಟುಹೋದರೆ ಅಪಾಯದ ನೀರು ಒಳ್ಳೆಯ ನೀರಾಗಿ ಹೊರಗೆ ಹೋಗುತ್ತದೆ. ಇದಕ್ಕೆ ಎರಡು ಬೇರೆ ಪರೀಕ್ಷೆ, ಎರಡು ಬೇರೆ ಕೀವರ್ಡ್ ಮಾಡಿ. ಉಪಕರಣದಿಂದ ಬರುವುದು ಒಂದಕ್ಕೆ, ವರದಿಗೆ ಹೋಗುವುದು ಇನ್ನೊಂದರಿಂದ. ಹಾಗೆಯೇ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಘನಪದಾರ್ಥ. ಕಂಡಕ್ಟಿವಿಟಿಯನ್ನು 0.65ರಂಥ ಒಂದು ಅಂಶದಿಂದ ಗುಣಿಸಿ ತೆಗೆದದ್ದು ಬೇರೆ, 180 ಡಿಗ್ರಿಯಲ್ಲಿ ಒಣಗಿಸಿ ತೂಗಿದ್ದು ಬೇರೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಯಾವ ವರ್ಷದ್ದು ಯಾವ ವಿಧಾನದ್ದೆಂದು ಆಮೇಲೆ ಯಾರಿಗೂ ಹೇಳಲು ಬರುವುದಿಲ್ಲ.

ಸೊನ್ನೆ ಎಂಬ ಫಲಿತಾಂಶವನ್ನು ಲಿಮ್ಸಿಗೆ ಕೊಡಬೇಡಿ. ಕಬ್ಬಿಣ ನೋಡುವ ಫೆನಾಂತ್ರೊಲಿನ್ ವಿಧಾನದಲ್ಲಿ ನಿಮ್ಮ ಲ್ಯಾಬ್ ತೋರಿಸಿಕೊಂಡ ಪತ್ತೆಮಿತಿ 0.05 ಆಗಿದ್ದರೆ, ಅದಕ್ಕಿಂತ ಕೆಳಗಿನದ್ದು 0.05ಕ್ಕಿಂತ ಕಡಿಮೆ ಎಂದೇ ವರದಿಯಾಗಬೇಕು. ಪರೀಕ್ಷೆಯ ಮಾಸ್ಟರಿನಲ್ಲಿ ಕೆಳ ಪತ್ತೆಮಿತಿ ಕೊಟ್ಟರೆ ಸಾಫ್ಟ್‌ವೇರೇ ಆ ಚಿಹ್ನೆ ಹಾಕುತ್ತದೆ. ಎಂಪಿಎನ್ (ಟ್ಯೂಬುಗಳಲ್ಲಿ ಬೆಳೆಸಿ ಬ್ಯಾಕ್ಟೀರಿಯಾದ ಸಂಖ್ಯೆ ಅಂದಾಜಿಸುವ ವಿಧಾನ) ಕೋಲಿಫಾರ್ಮಿಗೆ 15 ಟ್ಯೂಬಿನ ಕೋಷ್ಟಕದಲ್ಲಿ ಎಲ್ಲವೂ ನೆಗೆಟಿವ್ ಬಂದರೆ 1.8ಕ್ಕಿಂತ ಕಡಿಮೆ ಎಂದೇ ಇರುವುದು. ಆ ಫೀಲ್ಡನ್ನು ಬರೇ ಸಂಖ್ಯೆಯ ಫೀಲ್ಡಾಗಿ ಮಾಡಿದರೆ ಟೈಪ್ ಮಾಡುವವರು ದಾರಿ ಕಾಣದೆ 0 ಹಾಕುತ್ತಾರೆ. ಇನ್ನು 10, 1, 0.1 ಮಿಲೀಯಲ್ಲಿ ಎಷ್ಟೆಷ್ಟು ಟ್ಯೂಬು ಪಾಸಿಟಿವ್ ಎಂಬ ಮೂರು ಅಂಕಿಗಳೇ ಇಲ್ಲಿ ಮೂಲ ರೀಡಿಂಗ್. ಕೋಷ್ಟಕದಿಂದ ತೆಗೆದ ಉತ್ತರವೊಂದನ್ನೇ ಉಳಿಸಿದರೆ ಕೋಷ್ಟಕದ ಸಾಲು ತಪ್ಪಿ ಓದಿದ್ದು ಎಂದಿಗೂ ಸಿಕ್ಕಿಬೀಳುವುದಿಲ್ಲ.

ಫ್ಲೇಮ್ ಫೋಟೋಮೀಟರ್ ಇದ್ದು ಸೋಡಿಯಂ, ಪೊಟ್ಯಾಸಿಯಂ ಕೂಡ ಮಾಡುವ ಲ್ಯಾಬಾದರೆ ಅಯಾನು ಸಮತೋಲದ ಪರೀಕ್ಷೆಯನ್ನು (ನೀರಿನ ಧನ, ಋಣ ಅಯಾನುಗಳ ಮೊತ್ತ ಸರಿಹೊಂದುತ್ತದೋ ಎಂದು ನೋಡುವುದು) ಒಂದು ಸೂತ್ರವಾಗಿ ಸೇರಿಸಿ, ವರದಿಯಲ್ಲಿ ಮಾತ್ರ ಅಡಗಿಸಿಡಿ. ಇದರಲ್ಲಿ ಎಲ್ಲರೂ ಶೇಕಡಾ 5 ಎಂದು ಒಂದೇ ಗೆರೆ ಎಳೆಯುತ್ತಾರೆ. ನಮ್ಮ ಮೆದು ನೀರಿಗೆ ಅದು ಸರಿಯಲ್ಲ. ಧನ ಅಯಾನುಗಳ ಮೊತ್ತ ಲೀಟರಿಗೆ 0.62 ಮಿಲಿ ಈಕ್ವಿವಲೆಂಟ್, ಋಣ ಅಯಾನುಗಳದ್ದು 0.74 ಆದರೆ ಶೇಕಡಾವಾರು ವ್ಯತ್ಯಾಸ 8.8, ಕೆಂಪು ಬಾವುಟ. ಆದರೆ ಋಣ ಅಯಾನುಗಳ ಮೊತ್ತ 3ರವರೆಗೆ ಇರುವ ನೀರಿಗೆ ಒಪ್ಪಿತ ಮಿತಿ ನೇರವಾಗಿ 0.2 ಮಿಲಿ ಈಕ್ವಿವಲೆಂಟ್; ಇಲ್ಲಿ ವ್ಯತ್ಯಾಸ 0.12, ಹಾಗಾಗಿ ಅಡ್ಡಿಯಿಲ್ಲ. ಸೂತ್ರದಲ್ಲೇ ಈ ಕವಲು ಬರೆಯಿರಿ. ಸುಳ್ಳು ಬಾವುಟ ದಿನಾ ಹಾರಿದರೆ ನಿಜವಾದದ್ದನ್ನೂ ಯಾರೂ ನೋಡುವುದಿಲ್ಲ.

ಮಿತಿಗಳಿಗೂ ಇಸವಿ ಬೇಕು

ಐಎಸ್ 10500:2012ರಲ್ಲಿ ಅನೇಕ ಅಂಶಗಳಿಗೆ ಎರಡೆರಡು ಮಿತಿ. ಗಡಸುತನಕ್ಕೆ 200 ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 600 ತನಕ. ಕ್ಲೋರೈಡಿಗೆ 250, 1000. ಟಿಡಿಎಸ್ಸಿಗೆ 500, 2000. ಸೆನೈಟಿನಲ್ಲಿ ಗರಿಷ್ಠ ಎಂಬ ಕಾಲಮಿನ ಪಕ್ಕ ಎಚ್ಚರಿಕೆಯ ಗರಿಷ್ಠ ಎಂದು ಇನ್ನೊಂದು ಇದೆ. ಸ್ವೀಕಾರಾರ್ಹವನ್ನು ಮೊದಲಿನದ್ದರಲ್ಲಿ, ಸಡಿಲಿಸಿದ್ದನ್ನು ಎರಡನೆಯದ್ದರಲ್ಲಿ ಕೊಟ್ಟರೆ ಎರಡರ ನಡುವೆ ಬಿದ್ದ ಫಲಿತಾಂಶಕ್ಕೆ ಬೇರೆ ಗುರುತು ಬರುತ್ತದೆ. ಪಿಎಚ್, ನೈಟ್ರೇಟ್, ಕಬ್ಬಿಣಕ್ಕೆ ಸಡಿಲಿಕೆ ಇಲ್ಲ, ಆ ಕಾಲಮ್ ಖಾಲಿ ಬಿಡಿ.

ಕಬ್ಬಿಣವನ್ನೇ ನೋಡಿ. 2012ರಲ್ಲಿ ಮಿತಿ 0.3 ಮಿಗ್ರಾಂ/ಲೀ ಇತ್ತು, 2015ರ ತಿದ್ದುಪಡಿಯಲ್ಲಿ 1.0 ಆಯಿತು. 0.6 ಕಬ್ಬಿಣ ಇದ್ದ ಒಂದೇ ನೀರು 2014ರಲ್ಲಿ ನಪಾಸು, 2016ರಲ್ಲಿ ಪಾಸು. ಹಳೆಯ ಮಿತಿಯನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆದರೆ, ಹಳೆ ವರದಿಯನ್ನು ಮತ್ತೆ ಪ್ರಿಂಟ್ ಹೊಡೆದಾಗ ಅಂದು ಕೊಟ್ಟ ಮಾತೇ ತಿರುಗಿ ಹೋಗುವ ಸಾಫ್ಟ್‌ವೇರುಗಳು ಇವೆ. ನಿಮ್ಮದು ಮಿತಿಯನ್ನು ಸ್ಯಾಂಪಲಿನ ಜೊತೆ ಕಟ್ಟಿಡುತ್ತದೋ, ಪ್ರತಿಸಲ ಹೊಸದಾಗಿ ನೋಡುತ್ತದೋ ಎಂದು ಒಂದು ಸುಳ್ಳು ಸ್ಯಾಂಪಲ್ ಹಾಕಿ ಪರೀಕ್ಷಿಸಿ. ಏನೇ ಇರಲಿ, ಮಿತಿಪಟ್ಟಿಗೆ ಇಸವಿ, ತಿದ್ದುಪಡಿ ಸೇರಿದ ಹೆಸರಿಟ್ಟು, ಬದಲಾದಾಗ ಹೊಸ ಪಟ್ಟಿ ಮಾಡಿ ಹಳೆಯದನ್ನು ನಿಷ್ಕ್ರಿಯ ಮಾಡುವುದೇ ಸುರಕ್ಷಿತ.

ಪಿಎಚ್ ಮಿತಿ 6.5ರಿಂದ 8.5. ಮುರಕಲ್ಲಿನ ನೀರು 6.5ರ ಕೆಳಗೆ ಇರುವುದು ಸಾಮಾನ್ಯವಾದ್ದರಿಂದ ವರದಿ ಮೇಲೆ ವರದಿ ಕೆಂಪಾಗುತ್ತದೆ. ಗಿರಾಕಿಗಳ ಕಿರಿಕಿರಿ ತಾಳಲಾಗದೆ ಮಿತಿಯನ್ನೇ 5.5ಕ್ಕೆ ಇಳಿಸಿಟ್ಟ ಲ್ಯಾಬು ಇದ್ದರೆ ಆಶ್ಚರ್ಯವಿಲ್ಲ. ಮಿತಿ ಮುಟ್ಟಬೇಡಿ, ಷರಾ ಬರೆಯುವ ಜಾಗದಲ್ಲಿ ಈ ಬಗೆಯ ಮಣ್ಣಿನ ನೀರಿಗೆ ಇದು ಸಹಜ, ಲೋಹದ ಪೈಪು ತಿನ್ನುತ್ತದೆ ಎಂಬ ಸಿದ್ಧ ವಾಕ್ಯ ಇಡಿ.

ದಿನದ ಓಟ

ಸ್ಯಾಂಪಲ್ ಕೌಂಟರಿಗೆ ಬಂದಾಗ ಕಡ್ಡಾಯವಾಗಿ ಬೇಕಾದದ್ದು: ತೆಗೆದ ದಿನ ಮತ್ತು ಗಂಟೆ, ಬಂದ ಗಂಟೆ, ತೆಗೆದವರು ಯಾರು, ಐಸಿನಲ್ಲಿ ಬಂತೋ ಇಲ್ಲವೋ, ಬಾಟಲಿ ಯಾವುದು. ರಾಸಾಯನಿಕ ಪರೀಕ್ಷೆಗೆ 2 ಲೀಟರಿನ ಶುದ್ಧ ಕ್ಯಾನು ಸಾಕು. ಕೋಲಿಫಾರ್ಮಿಗೆ ಲ್ಯಾಬೇ ಕೊಟ್ಟ ಸ್ಟೆರೈಲ್ ಬಾಟಲಿ ಬೇಕು, ಕ್ಲೋರಿನ್ ಹಾಕಿದ ನೀರಾದರೆ ಅದರಲ್ಲಿ ಸೋಡಿಯಂ ಥಯೋಸಲ್ಫೇಟ್ ಇರಬೇಕು. ತಂಪು ಪಾನೀಯದ ಬಾಟಲಿಯಲ್ಲಿ ತಂದ ನೀರಿಗೆ ಕೋಲಿಫಾರ್ಮ್ ಪರೀಕ್ಷೆಯ ಆಯ್ಕೆಯೇ ತೆರೆಯದಂತೆ ಮಾಡಬಹುದು; ಕೌಂಟರಿನಲ್ಲಿ ಕೂತ ಹುಡುಗಿಗೆ ಜಗಳ ತಪ್ಪುತ್ತದೆ. ತೆಗೆದು 24 ಗಂಟೆ ದಾಟಿದ್ದರೂ ಹಾಗೇ. ಪಿಎಚ್‌ಗೆ ಕಾಯುವ ಅವಧಿ ಇಲ್ಲವೆಂದೇ ಲೆಕ್ಕ. ಬಾವಿ ಬುಡದಲ್ಲಿ ಅಳೆದದ್ದೋ ಲ್ಯಾಬಿನಲ್ಲಿ ಅಳೆದದ್ದೋ ಎಂಬ ಫೀಲ್ಡ್ ಇರಲಿ.

ಎಂಪಿಎನ್ ಟ್ಯೂಬುಗಳನ್ನು 24 ಗಂಟೆಗೊಮ್ಮೆ, 48ಕ್ಕೊಮ್ಮೆ ನೋಡಬೇಕು. ಶುಕ್ರವಾರ ಇಟ್ಟದ್ದರ 48 ಗಂಟೆ ಭಾನುವಾರ ಬರುತ್ತದೆ. ಆದಿತ್ಯವಾರ ಬಾಗಿಲು ಹಾಕುವ ಲ್ಯಾಬಾದರೆ ಶುಕ್ರವಾರ, ಶನಿವಾರ ಕೋಲಿಫಾರ್ಮ್ ಸ್ಯಾಂಪಲ್ ತೆಗೆದುಕೊಳ್ಳುವಾಗ ಪರದೆಯಲ್ಲಿ ಎಚ್ಚರಿಕೆ ಬರಲಿ. ಇಲ್ಲದಿದ್ದರೆ ಸೋಮವಾರ ನೋಡಿದ್ದಕ್ಕೆ ಭಾನುವಾರದ ಗಂಟೆ ಹಾಕುವ ಚಾಳಿ ಶುರುವಾಗುತ್ತದೆ, ಆಡಿಟಿನಲ್ಲಿ ಮೊದಲು ಹಿಡಿಯುವುದೂ ಅದನ್ನೇ.

ಲೇಬಲಿಗೆ 50×25 ಮಿಮೀ ಅಳತೆ ಸಾಕು. ಶಾಖಕ್ಕೆ ಕಪ್ಪಾಗುವ ಅಗ್ಗದ ಕಾಗದ ಬೇಡ, ಫ್ರಿಜ್ಜಿನಿಂದ ತೆಗೆದಾಗ ಬೆವರಿ ಕಳಚಿಕೊಳ್ಳುತ್ತದೆ, ಅಕ್ಷರವೂ ಮಾಸುತ್ತದೆ. ಪಾಲಿಪ್ರೊಪಿಲೀನ್ ಲೇಬಲಿಗೆ ರೆಸಿನ್ ರಿಬ್ಬನಿನಲ್ಲಿ ಪ್ರಿಂಟ್ ಹೊಡೆದದ್ದು ನಿಲ್ಲುತ್ತದೆ. ಮುಚ್ಚಳಕ್ಕೆ ಅಂಟಿಸಬೇಡಿ, ಮುಚ್ಚಳ ಅದಲು ಬದಲಾಗುತ್ತದೆ.

ವರ್ಕ್‌ಶೀಟ್ ಟೆಂಪ್ಲೇಟಿನಲ್ಲಿ ಒಂದು ಬ್ಲಾಂಕ್, ಒಂದು ಗೊತ್ತಿರುವ ಸ್ಟಾಂಡರ್ಡ್, ಹತ್ತು ಸ್ಯಾಂಪಲಿಗೆ ಒಂದನ್ನು ಎರಡನೇ ಸಲ ಮಾಡಿ ನೋಡುವ ಜಾಗ ಮೊದಲೇ ಇರಲಿ. ರೀಡಿಂಗ್ ಕೊಟ್ಟವರು ಅದನ್ನು ತಾವೇ ದೃಢೀಕರಿಸುವಂತಿಲ್ಲ ಎಂಬ ಸೆಟ್ಟಿಂಗನ್ನು ಹಾಗೇ ಬಿಡಿ. ಇಬ್ಬರೇ ಇರುವ ಲ್ಯಾಬಿನಲ್ಲಿ ಒಬ್ಬರು ರಜೆ ಹೋದ ದಿನ ವರದಿ ಹೊರಡುವುದಿಲ್ಲ, ಅದು ಸರಿಯೇ. ಅದಕ್ಕೆಂದು ಪಾಸ್‌ವರ್ಡ್ ಹಂಚಿಕೊಂಡರೆ ಉಳಿದ ಯಾವ ದಾಖಲೆಗೂ ಬೆಲೆ ಇಲ್ಲ. ಪ್ರತಿಯೊಬ್ಬರಿಗೂ ಅವರದ್ದೇ ಲಾಗಿನ್, ಬೆಂಚಿನ ಕಂಪ್ಯೂಟರ್ ಹತ್ತು ನಿಮಿಷಕ್ಕೆ ತನ್ನಷ್ಟಕ್ಕೆ ಹೊರಬರಲಿ.

ಎಂಡೋಸಲ್ಫಾನಿನ ದಿನಗಳನ್ನು ಕಂಡ ಎಣ್ಮಕಜೆ ಕಡೆಯಿಂದ ಕೀಟನಾಶಕದ ಅಂಶ ನೋಡಿಕೊಡಿ ಎಂದು ಕೇಳುವವರು ಈಗಲೂ ಇರಬಹುದು. ಗ್ಯಾಸ್ ಕ್ರೊಮಟೊಗ್ರಾಫ್ ಇಲ್ಲದ ಲ್ಯಾಬು ಅದನ್ನು ಹೊರಗೆ ಕಳಿಸಬೇಕು. ಅಂಥ ಪರೀಕ್ಷೆಯನ್ನು ಹೊರಗಿನದ್ದು ಎಂದೇ ಮಾಸ್ಟರಿನಲ್ಲಿ ಗುರುತಿಸಿ, ಅವರ ಮೂಲ ವರದಿಯನ್ನು ಸ್ಯಾಂಪಲಿಗೆ ಲಗತ್ತಿಸಿ. ಹೊರಗಿನ ಲ್ಯಾಬಿನ ಫಲಿತಾಂಶ ಎಂಬುದು ನಿಮ್ಮ ವರದಿಯಲ್ಲಿ ಸ್ಪಷ್ಟವಾಗಿ ಕಾಣಬೇಕು.

ವರದಿಯಲ್ಲಿ ಕನ್ನಡ, ಮಲಯಾಳ ಷರಾ ಹಾಕುವವರು ಸರ್ವರಿನಲ್ಲೇ ಆ ಫಾಂಟುಗಳನ್ನು ಹಾಕಬೇಕು. ಪಿಡಿಎಫ್ ತಯಾರಾಗುವುದು ಸರ್ವರಿನಲ್ಲಿ. ನಿಮ್ಮ ಬ್ರೌಸರಿನಲ್ಲಿ ಚಂದ ಕಂಡದ್ದು ಅಲ್ಲಿ ಫಾಂಟ್ ಇಲ್ಲದೆ ಬರೇ ಚೌಕಗಳಾಗಿ ಬರುತ್ತದೆ. ಡಾಕರ್ (ಪ್ರೋಗ್ರಾಮನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಏರ್ಪಾಡು) ಬಳಸಿದರೆ ಕಂಟೇನರಿನ ಒಳಗೆ ಹಾಕಬೇಕು. ಅಲ್ಲೇ ಗಡಿಯಾರವನ್ನೂ ನೋಡಿ. ಕಂಟೇನರಿನ ಸಮಯವಲಯ ಯುಟಿಸಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ಎಂದೇ ಇದ್ದರೆ ಬೆಳಿಗ್ಗೆ 9ಕ್ಕೆ ಬಂದ ಸ್ಯಾಂಪಲ್ 3:30ಕ್ಕೆ ಬಂದದ್ದಾಗಿ ದಾಖಲಾಗುತ್ತದೆ, ತೆಗೆಯುವ ಮೊದಲೇ ಲ್ಯಾಬಿಗೆ ತಲುಪಿದ ನೀರು!

ಹೊರಗೆ ಹೋದ ವರದಿಯಲ್ಲಿ ತಪ್ಪು ಕಂಡರೆ ಫೈಲ್ ತೆರೆದು ಅಂಕಿ ಬದಲಿಸುವ ದಾರಿಯೇ ಇರಬಾರದು. ಸೆನೈಟಿನಲ್ಲಿ ಆ ಸ್ಯಾಂಪಲನ್ನು ಅಮಾನ್ಯ ಮಾಡಿದರೆ ಮರುಪರೀಕ್ಷೆಯ ಹೊಸ ಸ್ಯಾಂಪಲ್ ಹುಟ್ಟುತ್ತದೆ, ಹಳೆಯ ನಂಬರಿನ ಕೊನೆಗೆ ಆರ್01 ಸೇರುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಹೊಸ ವರದಿಯಲ್ಲಿ ಇದು ಯಾವ ವರದಿಯ ಬದಲಿಗೆ, ಏನು ಬದಲಾಯಿತು, ಯಾಕೆ ಎಂಬ ಸಾಲು ಬೇಕು.

ಸಿಡಿಲು, ಬ್ಯಾಕಪ್, ಮತ್ತು ಮೊದಲ ತಿಂಗಳು

ಇಲ್ಲಿನ ಸರ್ವರಿಗೆ ದೊಡ್ಡ ಶತ್ರು ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಗುಡುಗು. ಯುಪಿಎಸ್ ಇದ್ದವರೂ ಮರೆಯುವುದು ಇಂಟರ್ನೆಟ್ ತಂತಿಯನ್ನು. ಸಿಡಿಲು ಆ ತಂತಿಯಲ್ಲಿ ಬಂದು ರೂಟರ್, ಸ್ವಿಚ್, ಮದರ್‌ಬೋರ್ಡ್ ಮೂರನ್ನೂ ಸುಡಬಹುದು. ಸಂಜೆ ಹೊರಡುವಾಗ ತಾಮ್ರದ ತಂತಿ ಕಳಚಿ, ಫೈಬರ್ ಆದರೆ ಅಡಾಪ್ಟರ್ ಪ್ಲಗ್ ತೆಗೆಯಿರಿ.

ಸೆನೈಟಿನ ಡೇಟಾ ಎರಡು ಕಡೆ ಇರುತ್ತದೆ: ಡೇಟಾ ಡಾಟ್ ಎಫ್‌ಎಸ್ ಎಂಬ ದೊಡ್ಡ ಫೈಲು, ಮತ್ತು ಬ್ಲಾಬ್‌ಸ್ಟೋರೇಜ್ ಎಂಬ ಫೋಲ್ಡರ್. ಪಿಡಿಎಫ್, ಲಗತ್ತು ಎಲ್ಲ ಎರಡನೆಯದ್ದರಲ್ಲಿ. ಮೊದಲಿನದ್ದನ್ನು ಮಾತ್ರ ನಕಲು ಮಾಡಿದವರು ಮರಳಿ ತಂದಾಗ ಅಂಕಿಗಳು ಬರುತ್ತವೆ, ವರದಿಗಳು ಬರುವುದಿಲ್ಲ. ಡೇಟಾ ಫೈಲಿಗೆ ರೆಪೊಜೊ ಎಂಬ ಉಪಕರಣದಿಂದ ದಿನಾ ಹೊಸದಾಗಿ ಸೇರಿದ್ದರ ಬ್ಯಾಕಪ್, ಅದರ ಬೆನ್ನಿಗೇ ಬ್ಲಾಬ್ ಫೋಲ್ಡರಿನ ನಕಲು. ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಒಂದು ಲ್ಯಾಬಿನ ಹೊರಗೆ. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಬ್ಯಾಕಪ್ಪಿನಿಂದ ಎಬ್ಬಿಸಿ, ಹಳೆಯ ಒಂದು ವರದಿಯ ಪಿಡಿಎಫ್ ತೆರೆದು ನೋಡಿ, ನೋಡಿದ ದಿನಾಂಕ ಬರೆದಿಡಿ.

ಬಳಕೆಗೆ ಇಳಿಸುವ ಮೊದಲು ಸಾಫ್ಟ್‌ವೇರ್ ಸರಿಯಾಗಿ ಲೆಕ್ಕ ಹಾಕುತ್ತದೆಂದು ತೋರಿಸಬೇಕಾದದ್ದು 17025ರ 7.11ನೇ ಖಂಡದ ಮಾತು. ಅದಕ್ಕೆ ದೊಡ್ಡ ಕಸರತ್ತು ಬೇಡ. ಹಳೆಯ ಬೆಂಚು ಪುಸ್ತಕದಿಂದ ಪ್ರತಿ ಪರೀಕ್ಷೆಗೂ ಕೆಲವು ರೀಡಿಂಗುಗಳನ್ನು ಆರಿಸಿ, ಸಣ್ಣದು, ದೊಡ್ಡದು, ಪತ್ತೆಮಿತಿಯ ಕೆಳಗಿನದ್ದು, ಮಿತಿಯ ಗೆರೆಯ ಮೇಲೆಯೇ ನಿಂತದ್ದು ಎಲ್ಲ ಇರಲಿ. ಕೈಯಿಂದ ಲೆಕ್ಕ ಹಾಕಿದ್ದನ್ನು ಲಿಮ್ಸಿನ ಉತ್ತರದ ಪಕ್ಕ ಇಟ್ಟು ಇಬ್ಬರು ಸಹಿ ಹಾಕಿ. ಸೂತ್ರ ಬದಲಾದಾಗ, ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗ ಅದೇ ಪಟ್ಟಿಯನ್ನು ಮತ್ತೆ ಓಡಿಸಿ.

ಹತ್ತು ವರ್ಷದ ರಿಜಿಸ್ಟರುಗಳನ್ನು ಟೈಪ್ ಮಾಡಿಸುವ ಆಸೆ ಬಿಟ್ಟುಬಿಡಿ. ಸ್ಕ್ಯಾನ್ ಮಾಡಿಟ್ಟು, ಪದೇ ಪದೇ ಬರುವ ಗಿರಾಕಿಗಳ ನೀರಿನ ಮೂಲಗಳನ್ನು ಮಾತ್ರ ಮಾಸ್ಟರಿಗೆ ಸೇರಿಸಿದರೆ ಸಾಕು. ಹಳೆಯ ಫೈಲುಗಳು ನುಡಿ, ಬರಹದ ಹಳೆ ಫಾಂಟುಗಳಲ್ಲಿ ಇದ್ದರೆ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಂದ ನೋಡಿಯೇ ಒಳಗೆ ಬಿಡಿ.

ಮೊದಲ ಒಂದು ತಿಂಗಳು ಬೆಂಚು ಪುಸ್ತಕ ಮತ್ತು ಲಿಮ್ಸ್ ಜೊತೆಜೊತೆಗೆ ನಡೆಯಲಿ, ಅದಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಬೆಂಚಿನಲ್ಲಿ ಪುಸ್ತಕಕ್ಕೇ ಬರೆದು, ಸಂಜೆ ಕೂತು ಲಿಮ್ಸಿಗೆ ಇಳಿಸುವ ರೂಢಿ ಗಟ್ಟಿಯಾಗುತ್ತದೆ. ಪುಸ್ತಕ ನಿಲ್ಲಿಸಿದ ಮೇಲೆ ಕರೆಂಟು, ಸರ್ವರ್ ಕೈಕೊಟ್ಟ ದಿನಕ್ಕೆಂದು ವರ್ಕ್‌ಶೀಟಿನದ್ದೇ ರೂಪದ, ಕ್ರಮಸಂಖ್ಯೆ ಹಾಕಿದ ಖಾಲಿ ಹಾಳೆಗಳ ಒಂದು ಕಟ್ಟು ಬೆಂಚಿನ ಡ್ರಾಯರಿನಲ್ಲಿರಲಿ. ಅದರಲ್ಲಿ ಬರೆದದ್ದನ್ನು ಆಮೇಲೆ ಲಿಮ್ಸಿಗೆ ಹಾಕುವಾಗ ಹಾಳೆಯ ಸ್ಕ್ಯಾನನ್ನೂ ಆ ವರ್ಕ್‌ಶೀಟಿಗೆ ಲಗತ್ತಿಸಿ, ಬಳಸಿದ ಹಾಳೆಗಳ ಸಂಖ್ಯೆಗಳನ್ನು ಪಟ್ಟಿಯಲ್ಲಿ ಗುರುತು ಹಾಕಿ. ಹಾಳಾದ ಹಾಳೆಯನ್ನೂ ಬಿಸಾಡದೆ, ರದ್ದು ಎಂದು ಅಡ್ಡಗೆರೆ ಎಳೆದು ಅದೇ ಕಟ್ಟಿನಲ್ಲಿ ಇಡಿ.